ಬುಧವಾರ ಓದಿದ ಗುರುವಾರದ ವಾಂಜೆಲು

ನನ್ನ ಮಾವ್ಶಿಯ, ಅಂದರೆ ತಾಯಿಯ ತಂಗಿಯ ಮನೆ ಮರವಂತೆಯಲ್ಲಿ ರಸ್ತೆಯ ಪಡುಬದಿಗಿತ್ತು. ಜಗಲಿಯಲ್ಲಿ ಕೂತರೆ ಎದುರಿಗೆ ರಸ್ತೆ, ರಸ್ತೆ ದಾಟಿದರೆ ಹೊಳೆ. ಹಿಂಬಾಗಿಲು ತೆರೆದರೆ ಹತ್ತಿಪ್ಪತ್ತು ತೆಂಗಿನ ಮರ, ಅದರಾಚೆ ಕಡಲು. ಬೆಳಗಿನ ಹೊತ್ತು ಹೊಳೆಯ ಮೇಲಿನ ಮಂಜು ಮೆಲ್ಲಗೆ ರಸ್ತೆ ದಾಟಿ ಬಂದು ಅಂಗಳದಲ್ಲಿ ಕಡಲಿನ ಉಪ್ಪುಗಾಳಿಯನ್ನು ಕೂಡಿಕೊಳ್ಳುತ್ತಿತ್ತು. ಆಗ ಆ ಮನೆ ನಿಂತಿದೆಯೋ ತೇಲುತ್ತಿದೆಯೋ ಎಂದು ಹೇಳುವುದು ಕಷ್ಟ. ಈಗಲೂ ಮಧ್ಯಾಹ್ನ ಅರೆನಿದ್ದೆಯಲ್ಲಿದ್ದಾಗ ಅದು ನನಗೆ ಹಾಗೆಯೇ ಬಂದು ಕಾಣುತ್ತದೆ: ಸುತ್ತ ಬಿಳಿ, ನಡುವೆ ಒಂದು ಜಗಲಿ, ಜಗಲಿಯ ಮೇಲೆ ಏಳು ಜನ ಹೆಂಗಸರು, ಅವರ ಅಂಗೈಗಳಿಂದ ಮುಗಿಯದೆ ಹೊರಡುತ್ತಿರುವ ಹಗ್ಗ.

ಹಗ್ಗ ಮಾವ್ಶಿಯ ಕಸುಬು. ತೆಂಗಿನ ಸಿಪ್ಪೆಯನ್ನು ಹೊಳೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು, ನಾರು ಬಿಡಿಸಿ ಹೊಸೆಯುವುದು. ಗಂಡ ತೀರಿಕೊಂಡ ಮೇಲೆ ಅವಳೇ ಶುರುಮಾಡಿದ್ದು. ಕೆಲಸಕ್ಕೆ ಬರುವವರೆಲ್ಲ ಅಕ್ಕಪಕ್ಕದ ಮೀನುಗಾರರ ಮನೆಯ ಹೆಂಗಸರು. ಅವರಿಗೆ ಅವಳು ‘ಬಾಯಮ್ಮ’. ಮನೆಯೊಳಗೆ ನಮ್ಮದು ಕೊಂಕಣಿ. ಹೊಸ್ತಿಲು ದಾಟಿ ಜಗಲಿಗೆ ಬಂದರೆ ಎಲ್ಲರದೂ ಕುಂದಾಪ್ರ ಕನ್ನಡ.

ಅವಳಿಗೆ ಓದು ಬರುತ್ತಿರಲಿಲ್ಲ. ಮದರಾಸು ರಾಜ್ಯದವರಾಗಿದ್ದ ನಮ್ಮನ್ನು ಒಂದು ಬೆಳಗ್ಗೆ ಮೈಸೂರಿನವರನ್ನಾಗಿ ಮಾಡಿದರಲ್ಲ, ಆ ವರ್ಷ ನಾನು ಮೂರನೆಯ ಕ್ಲಾಸಿನಲ್ಲಿದ್ದೆ. ಅಕ್ಷರ ಕೂಡಿಸಿ ಓದುವ ಹೊಸ ಹುರುಪು. ಮಂಗಳೂರಿನಿಂದ ಬಂದ, ಕನ್ನಡ ಲಿಪಿಯ ಕೊಂಕಣಿ ಪುಸ್ತಕವೊಂದನ್ನು ಅವಳು ನನ್ನ ತೊಡೆಯ ಮೇಲಿಟ್ಟು, ಆ ದಿನದ ವಾಂಜೆಲು, ಅಂದರೆ ಶುಭಸಂದೇಶದ ಭಾಗ, ಓದು ಅಂದಳು. ಆಗ ಭಾನುವಾರಕ್ಕೊಂದು, ಹಬ್ಬಕ್ಕೊಂದು ಇದ್ದರೆ ಹೆಚ್ಚು. ಉಳಿದ ದಿನ ನನಗೆ ಪುರುಸೊತ್ತು. ಮುಂದೆ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಲ್ಯಾಟಿನ್ ಹೊರಟುಹೋಗಿ ಪೂಜೆ ನಮ್ಮ ಭಾಷೆಗೆ ಬಂತು. ಎಪ್ಪತ್ತರ ಆಚೀಚೆ ಹೊಸ ಕ್ರಮವೂ ಬಂತು: ವರ್ಷದ ಪ್ರತಿ ದಿನಕ್ಕೂ ಅದರದೇ ಓದು. ಅಷ್ಟರಲ್ಲಿ ನಾನು ಮರವಂತೆಯ ಹತ್ತಿರದ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಸಂಸಾರ ಬೈಂದೂರಿನಲ್ಲಿ, ಇಗರ್ಜಿಗೆ ನೂರು ಹೆಜ್ಜೆಯ ಬಾಡಿಗೆ ಮನೆಯಲ್ಲಿ. ಬೆಳಗಿನ ಮೊದಲ ಬಸ್ಸು ಹತ್ತಿ, ಕಿರಿಮಂಜೇಶ್ವರದವರೆಗೆ ತೂಕಡಿಸಿ, ಮರವಂತೆಯಲ್ಲಿ ಇಳಿದು, ವಾಂಜೆಲು ಓದಿ, ಅವಳು ಕೊಟ್ಟ ಗಂಜಿ ಕುಡಿದು ಶಾಲೆಗೆ ಹೋಗುವುದು ನನ್ನ ದಿನಚರಿ.

ಓದುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ನಾನು ಕೊಂಕಣಿಯಲ್ಲಿ ಓದಿ, ಜಗಲಿಯವರಿಗಾಗಿ ಕನ್ನಡದಲ್ಲಿ ಹೇಳಿ ಮುಗಿಸಿದ ಕೂಡಲೇ ಮಾವ್ಶಿ ನಾರಿನ ಧೂಳು ಕೊಡವಿಕೊಂಡು ಕೇಳುತ್ತಿದ್ದಳು: “ಹಂಗಾರೆ ಇವತ್ತಿನ್ ಕೆಲ್ಸ ಎಂತ?”

ದೇವರು ಬೆಳಗ್ಗೆ ಹೇಳಿದ್ದನ್ನು ಸಂಜೆಯೊಳಗೆ ಮಾಡಿ ಮುಗಿಸಬೇಕು. ಅವಳ ಪ್ರಕಾರ ಅದಕ್ಕಾಗಿಯೇ ದಿನಕ್ಕೊಂದು ಓದು ಇಟ್ಟದ್ದು. ಏಳು ಸಲವಲ್ಲ, ಎಪ್ಪತ್ತೇಳು ಸಲ ಕ್ಷಮಿಸು ಎಂಬುದನ್ನು ಓದಿದ ದಿನ, ಪಕ್ಕದ ಮನೆಯ ದನ ತನ್ನ ಬಸಳೆ ಚಪ್ಪರಕ್ಕೆ ನುಗ್ಗಿದಾಗಲೆಲ್ಲ ಒಂದೊಂದು ಗಂಟು ಹಾಕಲು ಅವಳು ಹಗ್ಗವೊಂದನ್ನು ಕಂಬಕ್ಕೆ ನೇತುಹಾಕಿದಳು. ನಲವತ್ತನೆಯ ಗಂಟಿನ ಹೊತ್ತಿಗೆ ದನದ ಯಜಮಾನನಿಗೇ ನಾಚಿಕೆಯಾಗಿ ಬೇಲಿ ಕಟ್ಟಿಸಿದ. ಕಳೆದುಹೋದ ಕುರಿಯ ಕಥೆ ಓದಿದ ದಿನ ಮಾತ್ರ ಎಡವಟ್ಟಾಯಿತು. ಹೊಳೆಯಲ್ಲಿ ನೆನೆಹಾಕಿದ್ದ ಸಿಪ್ಪೆಯ ಕಟ್ಟೊಂದು ಬಿಡಿಸಿಕೊಂಡು ಹೋಗಿತ್ತು. ಉಳಿದ ಕಟ್ಟುಗಳ ಮೇಲೆ ಭಾರ ಹೇರಬೇಕಾದವರನ್ನೆಲ್ಲ ಅದೊಂದನ್ನು ಹುಡುಕಲು ಅಟ್ಟಿದಳು. ಅದೊಂದು ಸಿಕ್ಕಿತು. ಉಳಿದವು ಇಳಿತದ ನೀರಿನಲ್ಲಿ ಸಾಲುಗಟ್ಟಿಕೊಂಡು ಅಳಿವೆಯ ಕಡೆ ಹೊರಟುಹೋದವು. ಅವನ್ನು ನೋಡುತ್ತಾ ಅವಳು, ಆ ಕುರುಬನಿಗೆ ಮನೆಯಲ್ಲಿ ಇನ್ನೊಬ್ಬ ಆಳಿದ್ದಿರಬೇಕು ಅಂದಳೇ ಹೊರತು ಬೇಸರಪಡಲಿಲ್ಲ.

ನನ್ನದು ಬೇರೆ ಜಾತಿಯ ಭಕ್ತಿ. ನಾನು ಹುಟ್ಟಾ ಚಿಂತೆಯವನು. ಬಸ್ಸು ಹತ್ತಿದ ಮೇಲೆ ಮನೆಯ ಚಿಲಕದ ಚಿಂತೆ, ಇಳಿದ ಮೇಲೆ ಕೊಡೆಯ ಚಿಂತೆ, ಕೊಡೆ ಕೈಯಲ್ಲೇ ಇದೆಯೆಂದು ಗೊತ್ತಾದರೆ ಮಳೆಯ ಚಿಂತೆ. ಈಗ ನಡುವಯಸ್ಸಿನಲ್ಲಿ ಡಾಕ್ಟರರು ಅದಕ್ಕೆ ರಕ್ತದೊತ್ತಡ ಎಂದು ಹೆಸರಿಟ್ಟಿದ್ದಾರೆ. ಆಗ ಅದು ಬರೀ ಸ್ವಭಾವವಾಗಿತ್ತು. ನಾನು ತುಂಬಾ ಹೆದರುತ್ತಿದ್ದುದು ನಾಳೆಯ ಚಿಂತೆ ಮಾಡಬೇಡಿ ಎಂಬ ಓದಿಗೆ. ಅದು ಬರುವುದು ಜೂನ್ ತಿಂಗಳ ನಡುವಿನ ಒಂದು ಶನಿವಾರ. ಅದನ್ನು ಪಾಲಿಸಲು ನನ್ನಿಂದಾದೀತೇ ಎಂದು ಗುರುವಾರದಿಂದಲೇ ಚಿಂತೆ ಶುರುವಾಗುತ್ತಿತ್ತು.

ನಾನು ಹೇಳಹೊರಟ ವರ್ಷವೂ ಆ ಶನಿವಾರ ಬಂತು. ಹಕ್ಕಿಗಳು ಬಿತ್ತುವುದಿಲ್ಲ, ಹೂವುಗಳು ನೂಲುವುದಿಲ್ಲ ಎಂದು ನಾನು ಹೇಳುತ್ತಿದ್ದಂತೆ, ಮೂಲೆಯಲ್ಲಿ ಕೂತಿದ್ದ ದಪ್ಪ ಹೆಂಗಸು ಕೈ ನಿಲ್ಲಿಸಿದಳು. ಜಗಲಿಯ ಮಾತಿನಮಲ್ಲಿ ಅವಳೇ.

“ಹೂಗ್ ನೂಲೂದಿಲ್ಲೆ ಅಂಬ್ರಾ ಮಾಷ್ಟ್ರೇ? ಹಂಗಾರೆ ಇವತ್ತ್ ನಮ್ಗೂ ರಜಿ.”

“ನಿನ್ ಮೋರಿ ಕಂಡ್ರೆ ಯಾರಾರೂ ಹೂಗ್ ಅಂತ್ರಾ?” ಮಾವ್ಶಿ ಅಂದಳು. “ಕೈ ಆಡ್ಸ್ ಕಾಂಬ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಿಂಬಾಗಿಲಿನಿಂದ ಕಡಲು ಕಾಣುತ್ತಿತ್ತು. ಆ ವರ್ಷ ಮಳೆಗಾಲ ಕಾಲಿಟ್ಟದ್ದೇ ಕಡಲು ದಡ ಕೊರೆಯಲು ತೊಡಗಿತ್ತು. ತೆಂಗಿನ ಮರಗಳು ಒಂದೊಂದಾಗಿ ಬೇರು ಬಿಟ್ಟು, ನಿದ್ದೆ ಬಂದವರು ಒರಗುವ ಹಾಗೆ ನೀರಿಗೆ ಒರಗುತ್ತಿದ್ದವು. ಶನಿವಾರದ ಹೊತ್ತಿಗೆ ಮನೆಗೂ ನೀರಿಗೂ ನಡುವೆ ಉಳಿದದ್ದು ನಾಲ್ಕು ಮರ.

“ಮಾವ್ಶೀ, ಕಡ್ಲ್ ಈ ವರ್ಷ ಸಮಾ ಇಲ್ಲೆ. ಬೈಂದೂರಿಗ್ ಬಾ, ನಮ್ಮನಿಗ್,” ಅಂದೆ.

“ಕಡ್ಲ್ ಯಾವ್ ವರ್ಷ ಸಮಾ ಇದ್ದಿತ್ತ್?”

“ಮರ ಎಲ್ಲಾ ಹೋಯ್ತಲೆ!”

“ಮರ ಹೋಯ್ತ್, ನಾನ್ ಹೋಯ್ಲಿಲ್ಲ. ನೀ ಮಳಿ ಬಂದ್ರೂ ಹೆದರ್ವವ, ಬರ್ದಿದ್ರೂ ಹೆದರ್ವವ. ನಿನ್ ಮಾತ್ ಕೇಂಡ್ ಹೋಪ್ದಾ? ದೇವ್ರ್ ಹೇಳ್ಲಿ, ಹೋತೆ.”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ರಾತ್ರಿ ಪುಸ್ತಕದ ಮುಂದಿನ ಹಾಳೆಗಳನ್ನು ತಿರುವಿದೆ. ದೇವರು ಹೇಳಲಿದ್ದ. ಬರುವ ಗುರುವಾರದ ಓದೇ ಅದು: ಒಬ್ಬ ಬಂಡೆಯ ಮೇಲೆ ಮನೆ ಕಟ್ಟಿದ, ಮಳೆ ಗಾಳಿ ಬಂದರೂ ಅದು ನಿಂತಿತು, ಇನ್ನೊಬ್ಬ ಬುದ್ಧಿಯಿಲ್ಲದವ ಮರಳಿನ ಮೇಲೆ ಕಟ್ಟಿದ, ಅದು ಬಿತ್ತು. ಇದನ್ನು ಕೇಳಿದ ಮೇಲೂ ಮಾವ್ಶಿ ಆ ಮನೆಯಲ್ಲಿ ಕೂರಲಾರಳು. ಗುರುವಾರದವರೆಗೆ ಕಾದರೆ ಸಾಕು.

ಸೋಮವಾರ, ಪರರ ಕಣ್ಣಿನ ಕಸ ಹುಡುಕಬೇಡ ಎಂಬ ಓದು. ಮಧ್ಯಾಹ್ನದವರೆಗೆ ಯಾರೂ ಯಾರ ತಪ್ಪನ್ನೂ ಆಡಬಾರದು ಎಂದು ಮಾವ್ಶಿ ಆ ದಿನದ ಕೆಲಸ ಗೊತ್ತುಮಾಡಿದಳು. ಜಗಲಿ ಎಷ್ಟು ಮೌನವಾಯಿತೆಂದರೆ ರಸ್ತೆಯಲ್ಲಿ ಹೋಗುವವರು ನಿಂತು, ಯಾರು ಹೋದದ್ದು ಎಂದು ಕೇಳಿದರು. ಮಂಗಳವಾರ ಎರಡು ಮರ ಉರುಳಿದವು. ಬುಧವಾರ ನಾನು ಬಸ್ಸಿಳಿದಾಗ ಕಡಲು ಹಿಂದಿನ ಅಂಗಳದ ಬಟ್ಟೆ ಒಗೆಯುವ ಕಲ್ಲನ್ನು ನೆಕ್ಕಿ ಹೋಗುತ್ತಿತ್ತು. ನೋಡಿದರೆ ಸಿಟ್ಟಿನ ಕಡಲಲ್ಲ. ಬೂದು ಬಣ್ಣದ್ದು, ಯಾವುದೋ ಯೋಚನೆಯಲ್ಲಿದ್ದಂತೆ ಬಂದು ಹೋಗುವುದು. ಪುಸ್ತಕ ತೆರೆದೆ. ನನ್ನ ಬೆರಳು ತಾನಾಗಿಯೇ ಒಂದು ಹಾಳೆ ಹೆಚ್ಚು ಮಗುಚಿತು. ತಾನಾಗಿಯೇ ಅನ್ನುವುದು ಸುಳ್ಳು. ನಾನೇ ಮಗುಚಿದೆ.

ಗುರುವಾರದ್ದನ್ನು ಬುಧವಾರ ಓದಿದೆ. ಕನ್ನಡದಲ್ಲಿ ಹೇಳುವಾಗ ಗಾಳಿಯನ್ನೂ ನೆರೆಯನ್ನೂ ಒಂದಿಷ್ಟು ಜಾಸ್ತಿಯೇ ಮಾಡಿದೆ.

ಜಗಲಿಯಲ್ಲಿ ಕೈಗಳು ನಿಂತವು. ಆ ಏಳೂ ಜನರ ಮನೆಗಳಿದ್ದುದು ಮರಳಿನ ಮೇಲೆ ಎಂಬುದು ನನಗೆ ಆಗಷ್ಟೇ ಹೊಳೆಯಿತು.

“ಮಾಷ್ಟ್ರೇ, ಈ ಊರಗೆ ಹೊಯ್ಗಿ ಬಿಟ್ಟ್ ಮನಿ ಕಟ್ಟುಕೆ ಜಾಗ ಎಲ್ಲಿತ್ತ್?” ಮೂಲೆಯವಳು ಕೇಳಿದಳು. “ನಾವೆಲ್ಲ ದಡ್ಡ್ರ್ ಅಂತ್ಲೇ ಬರ್ದಿತ್ತಾ?”

ನಾನು ಪುಸ್ತಕ ನೋಡುವವನಂತೆ ತಲೆ ತಗ್ಗಿಸಿದೆ. ಮಾವ್ಶಿ ಒಮ್ಮೆ ಹೊಳೆಯ ಕಡೆ ನೋಡಿದಳು. ಆಮೇಲೆ ಎದ್ದಳು.

“ಇವತ್ತಿನ್ ಕೆಲ್ಸ ಗೊತ್ತಾಯ್ತ್. ಎಲ್ರೂ ಮನಿಗ್ ಹೋಯ್ನಿ. ನಾನ್ ಬೈಂದೂರಿಗ್ ಹೋತೆ.”

ಒಂದು ಟ್ರಂಕು, ಗೋಡೆಯ ಮೇಲಿದ್ದ ಮಾತೆಯ ಪಟ, ಒಂದು ಜೊತೆ ಚಪ್ಪಲಿ. ಇಷ್ಟೇ ಹಿಡಿದು ಬಾಗಿಲೆಳೆದುಕೊಂಡಳು. ನಾನು ಶಾಲೆಗೆ ರಜಾಚೀಟಿ ಕಳಿಸಿ ಅವಳ ಜೊತೆ ಬಸ್ಸು ಹತ್ತಿದೆ. ಬ್ರಹ್ಮಾವರದ ಕಡೆಯವಳಾದ ನನ್ನ ಹೆಂಡತಿ ಬಾಗಿಲಲ್ಲೇ ಬಾಯಿ ತೆರೆದು ನಿಂತಳು. ಅಡುಗೆಮನೆಗೆ ನನ್ನನ್ನು ಕರೆದು, ಎಷ್ಟು ವರ್ಷ ಕರೆದರೂ ಬಾರದವರು ಒಂದೇ ಮಾತಿಗೆ ಹೇಗೆ ಬಂದರು ಎಂದು ಕೇಳಿದಳು. ದೇವರ ದಯೆ ಅಂದೆ. ಆ ದಿನ ಮಧ್ಯಾಹ್ನ, ಎಷ್ಟೋ ದಿನಗಳ ಮೇಲೆ, ನನಗೆ ಸುಖದ ನಿದ್ದೆ ಬಂತು.

ಪ್ರಪಂಚದ ಎಲ್ಲದರ ಚಿಂತೆಯನ್ನೂ ಮಾಡಿದ್ದ ನಾನು ಒಂದರದ್ದು ಮಾತ್ರ ಮಾಡಿರಲಿಲ್ಲ. ಮರವಂತೆಯಿಂದ ಇಗರ್ಜಿ ದೂರವಾದ್ದರಿಂದ ಮಾವ್ಶಿ ಪೂಜೆಗೆ ಹೋಗುತ್ತಿದ್ದುದು ಭಾನುವಾರ ಮಾತ್ರ. ನಮ್ಮ ಮನೆಯಿಂದ ಅದು ನೂರು ಹೆಜ್ಜೆ. ಗುರುವಾರ ಬೆಳಗಿನ ಗಂಟೆ ಹೊಡೆಯುವಾಗ ಅವಳು ಸೀರೆಯುಟ್ಟು, ಸೆರಗು ತಲೆಗೆಳೆದು ಹೊಸ್ತಿಲಲ್ಲಿ ನಿಂತಿದ್ದಳು. ನನಗೆ ಹೊಟ್ಟೆನೋವು ಅಂದೆ. ನಡೆದರೆ ಹೋಗುತ್ತದೆ ಅಂದಳು.

ಹೊರಗೆ ಮಳೆ, ಒಳಗೆ ಆರೇಳು ಮೇಣದಬತ್ತಿ. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ನನ್ನ ಪ್ರಾರ್ಥನೆ ಇಷ್ಟೇ: ಪಾದ್ರಿಗಳಿಗೆ ಇವತ್ತು ಶೀತವಾಗಿ ಧ್ವನಿ ಬಿದ್ದಿರಲಿ. ಬಿದ್ದಿರಲಿಲ್ಲ. ಬಂಡೆಯ ಮನೆ, ಮರಳಿನ ಮನೆ ಎರಡನ್ನೂ ಅವರು ನಿಧಾನವಾಗಿ, ಸ್ಪಷ್ಟವಾಗಿ ಓದಿದರು. ನಾನು ಬಿಟ್ಟುಬಿಟ್ಟಿದ್ದ ಸಾಲೂ ಅದರಲ್ಲಿತ್ತು: ಕೇಳಿ ಮಾಡುವವನೇ ಬಂಡೆಯ ಮೇಲೆ ಕಟ್ಟಿದವನು, ಕೇಳಿಯೂ ಮಾಡದವನು ಮರಳಿನ ಮೇಲೆ ಕಟ್ಟಿದವನು. ಎಡಗಡೆಯ ಸಾಲಿನಲ್ಲಿ ಸೆರಗು ಹೊದ್ದ ಒಂದು ತಲೆ, ಮೆಲ್ಲಗೆ, ನಮ್ಮ ಕಡೆ ತಿರುಗಿತು.

ಹೊರಗೆ ಬಂದು ಒಂದೇ ಕೊಡೆಯಡಿ ನಿಂತೆವು. ನಮ್ಮಿಬ್ಬರ ಮಾತು ಕೊಂಕಣಿಯಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಪುತಾ, ಹಾಗಾದರೆ ನಿನ್ನೆಯದ್ದು ಏನಿತ್ತು?”

“ಬೇರೆ ಒಂದಿತ್ತು.”

“ಓದು.”

ಚೀಲದಿಂದ ಪುಸ್ತಕ ತೆಗೆದೆ. ಬುಧವಾರ ನಾನು ಹಾರಿಸಿದ್ದು ಯಾವುದನ್ನು ಎಂದು ನಾನೂ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದೆ. ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರವಾಗಿರಿ ಎಂಬುದು. ಕುರಿಯ ವೇಷ ಹಾಕಿಕೊಂಡು ಬರುತ್ತಾರೆ, ಒಳಗೆ ತೋಳಗಳು. ಮರವನ್ನು ಅದರ ಹಣ್ಣಿನಿಂದ ತಿಳಿಯಿರಿ. ಮಳೆಯ ಸದ್ದಿನಲ್ಲಿ ಆದಷ್ಟು ಸಣ್ಣ ದನಿಯಲ್ಲಿ ಓದಿದೆ. ಓದಿ ಮುಗಿಸಿದಾಗ ಅವಳು ಕೈ ಚಾಚಿ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

“ಉಣ್ಣೆ ನಯವಾಗಿಯೇ ಇದೆ.”

ಬೈದಿದ್ದರೆ ಆಗುತ್ತಿತ್ತು. “ನಿನ್ನ ಮನೆ ಬಿದ್ದುಹೋಗುತ್ತದೆ ಅಂತ ಹೆದರಿಕೆಯಾಯಿತು ಮಾವ್ಶಿ,” ಅಂದೆ.

“ಹೆದರಿಕೆಯಾದರೆ ಹೆದರಿಕೆ ಅಂತಲೇ ಹೇಳು. ಅದನ್ನು ಅವನ ಬಾಯಲ್ಲಿ ಯಾಕೆ ಹೇಳಿಸ್ತೀಯಾ?” ಅವಳು ಕೊಡೆಯಿಂದ ಹೊರಗೆ ಕಾಲಿಟ್ಟಳು. “ಬಸ್ಸು ಎಷ್ಟು ಹೊತ್ತಿಗೆ?”

ಅವಳು ಅಲ್ಲೇ ಇರಲು ಹೋಗುತ್ತಿದ್ದಾಳೆ, ಇನ್ನು ಯಾರು ಹೇಳಿದರೂ ಏಳುವುದಿಲ್ಲ, ಮನೆಯ ಜೊತೆಗೆ ಅವಳೂ ಹೋಗುತ್ತಾಳೆ, ಅದು ನನ್ನಿಂದಲೇ ಆಗುತ್ತದೆ. ಬಸ್ಸಿನಲ್ಲಿ ನನ್ನ ತಲೆಯೊಳಗೆ ಇದೇ ತಿರುಗುತ್ತಿತ್ತು. ಕಿಟಕಿಯ ಗಾಜಿನ ಮೇಲೆ ನೀರು, ಅದರಾಚೆ ಕರಗಿದ ಹಸುರು. ಮರವಂತೆ ಬಂದಾಗ ಎರಡೂ ಕಡೆ ನೀರೇ ಕಂಡಿತು, ನಡುವೆ ರಸ್ತೆ ಒದ್ದೆ ಹಗ್ಗದ ಹಾಗೆ ಬಿದ್ದಿತ್ತು.

ಮನೆಯ ಮುಂಭಾಗ ಹಾಗೆಯೇ ನಿಂತಿತ್ತು. ಹಿಂದಿನ ಚಾವಡಿ ಇರಲಿಲ್ಲ. ಆ ಚಾವಡಿಯಲ್ಲಿ ಮಳೆಗಾಲಕ್ಕೆಂದು ಹೊಸೆದು ಸುತ್ತಿಟ್ಟಿದ್ದ ಹಗ್ಗದ ಸುರುಳಿಗಳಿದ್ದವು. ಅವು ಸುರುಳಿ ಬಿಚ್ಚಿಕೊಂಡು ತೆರೆಗಳ ಮೇಲೆ ಉದ್ದುದ್ದಕ್ಕೆ ಏರಿಳಿಯುತ್ತಿದ್ದವು. ಕಂದು ಬಣ್ಣದ ಅಕ್ಷರಗಳಲ್ಲಿ ಕಡಲೇ ಏನನ್ನೋ ಬರೆದು ಅಳಿಸುವ ಹಾಗೆ. ಬುಧವಾರ ಎಂದಿನಂತೆ ಏಳು ಜನ ಜಗಲಿಯಲ್ಲಿದ್ದಿದ್ದರೆ ಅಷ್ಟನ್ನೂ ಎತ್ತಿ ಆಚೆ ದಾಟಿಸುತ್ತಿದ್ದರು. ಅವರನ್ನು ಮನೆಗೆ ಕಳಿಸಿದ್ದು ನಾನು ಮಗುಚಿದ ಹಾಳೆ.

ಹೆಂಗಸರೆಲ್ಲ ಆಗಲೇ ಬಂದು ಮಳೆಗೆ ಓಲೆಯ ಗೊರಬು ಹೊದ್ದು ಅಂಗಳದಲ್ಲಿ ನಿಂತಿದ್ದರು. ಮಾವ್ಶಿ ಜಗಲಿ ಹತ್ತಿದಳು.

“ಹ್ವಾಯ್, ಎಲ್ರೂ ಕೇಣಿ. ನಿನ್ನಿ ಮಾಷ್ಟ್ರ್ ಓದದ್ದ್ ನಿನ್ನಿದ್ದಲ್ಲ, ಇವತ್ತಿಂದ್.”

“ಅಯ್ಯೋ ದೇವ್ರೆ! ಮಾಷ್ಟ್ರಿಗೆ ವಾರವೇ ಗೊತ್ತಿಲ್ಯಾ?” ಮೂಲೆಯವಳು ಅಂದಳು. “ಹಂಗಾರೆ ಶಾಲಿ ಮಕ್ಳ ಗತಿ ಎಂತ?”

“ಅವ್ನ್ ವಿಚಾರ ಕಡಿಗ್. ಮೊದ್ಲ್ ಇವತ್ತಿನ್ ಕೆಲ್ಸ. ಹೊಯ್ಗಿ ಮೇಲ್ ಕಟ್ಟದ್ದ್ ತಪ್ಪಲ್ಲ ಅಂಬ್ರ್, ಕೇಂಡೂ ಸುಮ್ನೆ ಕೂಕಂಬ್ದ್ ತಪ್ಪ್. ಮನಿ ಬಿಚ್ಚುವ.”

“ಬಿಚ್ಚೂದಾ?”

“ಹೌದ್. ಹಂಚ್, ಪಕಾಸಿ, ಬಾಗ್ಲ್, ಕಿಟ್ಕಿ. ಎಲ್ಲ ಆಚಿಗ್ ದಾಟ್ಸಿ. ಕಡ್ಲಿಗೆ ಗ್ವಾಡಿ ಸಾಕ್.”

ರಸ್ತೆಯ ಆಚೆ, ಹೊಳೆಯ ಬದಿಯಲ್ಲಿ, ಸಿಪ್ಪೆ ಬಡಿಯಲು ಕಂಬಗಳ ಮೇಲೆ ನಿಲ್ಲಿಸಿದ ಮಾಡೊಂದು ಅವಳದೇ ಇತ್ತು. ಅಡಿಯಲ್ಲಿ ಗಟ್ಟಿ ಕೆಂಪು ಮುರಕಲ್ಲಿನ ಕಟ್ಟೆ. ಹದಿನೈದು ವರ್ಷ ನನ್ನ ಬಾಯಿಂದ ವಾಂಜೆಲು ಕೇಳಿದವಳು ಮನೆ ಬಿಟ್ಟು ಓಡಲೂ ಇಲ್ಲ, ಮನೆ ಹಿಡಿದು ಕೂರಲೂ ಇಲ್ಲ. ಅದನ್ನು ಎತ್ತಿಕೊಂಡು ಹೊರಟಳು. ಅಂಥ ಮೂರನೆಯದೊಂದು ದಾರಿಯಿದೆ ಎಂದು ಅಷ್ಟೆಲ್ಲ ಚಿಂತೆ ಮಾಡಿದ ನನಗೆ ಹೊಳೆದೇ ಇರಲಿಲ್ಲ.

ಮೀನಿಗೆ ಹೋಗಲಾರದೆ ಕೂತಿದ್ದ ಗಂಡಸರೂ ಬಂದು ಮನೆಯ ಸೂರು ಹತ್ತಿದರು. ಹಂಚು ಇಳಿಯತೊಡಗಿತು. ಕೈಯಿಂದ ಕೈಗೆ, ಅಂಗಳದಿಂದ ರಸ್ತೆಗೆ, ರಸ್ತೆಯಿಂದ ಹೊಳೆಯ ಬದಿಗೆ. ನಾನು ರಸ್ತೆಯ ನಟ್ಟನಡುವೆ ನಿಂತಿದ್ದೆ. ಎಡಗೈಗೆ ಬಂದ ಹಂಚನ್ನು ಬಲಕ್ಕೆ ಕೊಡುವುದು. ಒದ್ದೆ ಹಂಚಿನ ತಣ್ಣಗಿನ ಭಾರ, ಪಾಚಿಯ ವಾಸನೆ, ಎರಡೂ ಕಿವಿಯಲ್ಲಿ ಎರಡು ಬಗೆಯ ನೀರಿನ ಸದ್ದು. ಎಷ್ಟು ಹೊತ್ತೋ ಗೊತ್ತಾಗಲಿಲ್ಲ. ಅಷ್ಟು ಹೊತ್ತು ನಾನು ಏನನ್ನೂ ಯೋಚಿಸಲಿಲ್ಲ ಎಂಬುದು ಮಾತ್ರ ಆಮೇಲೆ ನೆನಪಾಯಿತು.

ಕುಂದಾಪುರದ ಬಸ್ಸು ಬಂದು ಹಾರ್ನ್ ಹೊಡೆಯಿತು. ದಿನಾ ನನಗೆ ಟಿಕೆಟ್ ಕೊಡುವ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೂಗಿದ: “ಹ್ವಾಯ್, ಎಂತ ಮಾರಾಯ್ರೆ, ರಸ್ತಿ ಮೇಲ್ ಮನಿ ಕಟ್ತ್ರಿಯಾ?”

“ಕಟ್ಟೂದಲ್ಲ, ದಾಟ್ಸೂದ್,” ಮಾವ್ಶಿ ಅಂದಳು. “ಅರ್ಜೆಂಟ್ ಇದ್ರೆ ಇಳ್ದ್ ಒಂಚೂರ್ ಕೈ ಕೊಡಿ.”

ಅರ್ಧ ಬಸ್ಸು ಇಳಿಯಿತು. ಸಂಜೆಯ ಹೊತ್ತಿಗೆ ಮನೆ ಆಚೆಗಿತ್ತು, ಪದರಪದರವಾಗಿ, ತೆಂಗಿನ ಗರಿ ಮುಚ್ಚಿಕೊಂಡು. ಈಚೆ ನಾಲ್ಕು ಬೋಳು ಗೋಡೆ ಆಕಾಶ ನೋಡುತ್ತಾ ನಿಂತಿದ್ದವು. ಶನಿವಾರದ ಒಳಗೆ ಅವೂ ಹೋದವು. ಆಮೇಲೆ ಹೊಳೆಯ ಬದಿಯ ಮಾಡಿನಿಂದ ಪಡುವಣಕ್ಕೆ ನೋಡಿದರೆ ನಡುವೆ ಏನೂ ಅಡ್ಡವಿರಲಿಲ್ಲ.

ಗುರುವಾರ ಸಂಜೆ ಮಾಡಿನಡಿ ಎಲ್ಲರೂ ಕರಿಚಾ ಕುಡಿಯುವಾಗ ಮಾವ್ಶಿ ನನ್ನಿಂದ ಬುಧವಾರದ್ದನ್ನು ಓದಿಸಿದಳು. ಕುರಿ, ತೋಳ, ಮರ, ಹಣ್ಣು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಏಳು ಜನ ನನ್ನನ್ನೇ ನೋಡುತ್ತಾ ಕೇಳಿದರು. ಆ ಬುಧವಾರದ ಕೆಲಸ ನನ್ನ ಪಾಲಿಗೇ ಬಂತು: ಹೋದ ಹಗ್ಗ ಮತ್ತೆ ಆಗುವವರೆಗೆ ಬೆಳಿಗ್ಗೆ ಶಾಲೆಗೆ ಮೊದಲು ಒಂದು ಗಂಟೆ ಅವರ ಜೊತೆ ಕೂತು ಹೊಸೆಯುವುದು. ನಾನು ಹೊಸೆದದ್ದು ಒಂದು ಕಡೆ ಹಾವಿನಷ್ಟು ದಪ್ಪ, ಇನ್ನೊಂದು ಕಡೆ ಜನಿವಾರದಷ್ಟು ಸಪೂರ. ಅಂಗೈ ಸುಲಿದು, ಸೀಮೆಸುಣ್ಣ ಹಿಡಿದರೆ ಉರಿಯುತ್ತಿತ್ತು.

ಆದರೆ ನನ್ನನ್ನು ಕಾಡಿದ್ದು ಅದಲ್ಲ. ಶುಕ್ರವಾರ ಬೆಳಗ್ಗೆ ಬಸ್ಸಿಳಿದಾಗ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲು ಧೈರ್ಯವಾಗಲಿಲ್ಲ. ಹಂಚಿನ ರಾಶಿಯ ಮೇಲೆ ಕೂತು ನಾರು ಎತ್ತಿಕೊಂಡೆ. ಮಾವ್ಶಿ ನನ್ನ ಚೀಲದ ಕಡೆ ನೋಡಿದಳು.

“ಓದೂದಿಲ್ಯಾ?”

“ಬೇರೆ ಯಾರಾರೂ ಓದ್ಲಿ ಮಾವ್ಶಿ.”

“ಬೇರೆ ಯಾರ್ ಓದೂದ್? ಇವ್ಳಾ?” ಮೂಲೆಯವಳ ಕಡೆ ಗಲ್ಲ ಎತ್ತಿ ತೋರಿಸಿದಳು. “ಓದ್ ಮಗಾ. ಹೊತ್ತಾತ್.”

ಸರಿಯಾದ ಹಾಳೆಯೇ ಎಂದು ಎರಡು ಸಲ ನೋಡಿ ಓದಿದೆ. ಕುಷ್ಠರೋಗಿಯೊಬ್ಬ ದಾರಿಯಲ್ಲಿ ಅಡ್ಡಬಿದ್ದದ್ದು, ಕರ್ತರು ಅವನನ್ನು ಮುಟ್ಟಿ ಗುಣಮಾಡಿದ್ದು, ಇದನ್ನು ಯಾರಿಗೂ ಹೇಳಬೇಡ ಎಂದದ್ದು. ಓದಿ ಮುಗಿಸಿದಾಗ ಮಾವ್ಶಿ ನೀರಿನ ಚೊಂಬು ಮುಂದೆ ತಳ್ಳಿದಳು.

“ಯಾರಿಗೂ ಹೇಳ್ಬೇಡ ಅಂದ್ರಾ?” ಮೂಲೆಯವಳು ಅಂದಳು. “ಹಂಗಾರೆ ಇವತ್ತಿನ್ ಕೆಲ್ಸ ಸಸಾರ. ಮಾಷ್ಟ್ರ್ ಕತಿ ನಾವ್ ಯಾರಿಗೂ ಹೇಳೂದಿಲ್ಲೆ.”

ಉಳಿದ ಆರು ಜನರೂ, ಹೌದು, ಯಾರಿಗೂ ಹೇಳುವುದಿಲ್ಲ ಎಂದು ತಲೆಯಾಡಿಸಿದರು.

ಸೋಮವಾರ ಬೆಳಗ್ಗೆ ಬೈಂದೂರಿನಲ್ಲಿ ಮೊದಲ ಬಸ್ಸು ಹತ್ತಿದೆ. ಕಂಡಕ್ಟರ್ ಟಿಕೆಟ್ ಹರಿದು ಕೈಗಿಟ್ಟು, ಹಲ್ಲು ಕಾಣಿಸದಂತೆ ತುಟಿ ಬಿಗಿಹಿಡಿದು ಕೇಳಿದ: “ಮಾಷ್ಟ್ರೇ, ಇವತ್ತ್ ಯಾವ್ ವಾರ?”

ಸೋಮವಾರ ಎಂದೆ. ಕಿರಿಮಂಜೇಶ್ವರ ದಾಟಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಚೀಲದೊಳಗೇ ಪುಸ್ತಕ ತೆರೆದು ನೋಡಿದೆ. ಸೋಮವಾರವೇ.